ಸ್ವರ ನೋಡುವವಳ ಹೆಸರಿನ ಟೀ

ಒಣಗಿದ ಟೀ ಎಲೆಗೂ ಒಂದು ಸದ್ದಿದೆ ಅಂತ ನನಗೆ ಗೊತ್ತಿರಲಿಲ್ಲ. ತಿಯೆಗ್ವಾನ್‌ಯಿನ್ ಅನ್ನುವ ಟೀ ನಮ್ಮ ಟೀಪುಡಿಯ ಹಾಗೆ ಇರುವುದಿಲ್ಲ. ಇಡೀ ಎಲೆಯನ್ನು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ, ಹೊರಳಿಸಿ ಹೊರಳಿಸಿ ಗಟ್ಟಿ ಉಂಡೆ ಮಾಡಿರುತ್ತಾರೆ. ನೋಡಲು ಹಸಿರು ಬಣ್ಣದ ಕಡಲೆಕಾಳಿನ ಹಾಗೆ. ಬಿಸಿ ಮಾಡಿದ ಪಿಂಗಾಣಿ ಬಟ್ಟಲಿಗೆ ಸುರಿದರೆ ಟಣ್ ಟಣ್ ಅನ್ನುತ್ತದೆ. ನನಗೆ ಟೀ ಮಾಡಿಕೊಡುತ್ತಿದ್ದ ಹಿರಿಯರೊಬ್ಬರು ಪೊಟ್ಟಣ ಹರಿದು ಸುರಿಯುವಾಗ ಆಡುತ್ತಿದ್ದ ಮಾತನ್ನು ಅಲ್ಲಿಗೇ ನಿಲ್ಲಿಸಿದರು. ಕಿವಿಯನ್ನು ಬಟ್ಟಲಿನ ಕಡೆಗೆ ಸ್ವಲ್ಪ ಬಾಗಿಸಿದರು. ಒಳ್ಳೆಯ ಎಲೆ ತೂಕವಾಗಿರುತ್ತದೆ, ತೂಕ ಇದ್ದರೆ ಸದ್ದು ಸ್ಪಷ್ಟವಾಗಿರುತ್ತದೆ ಅಂತ ಆಮೇಲೆ ಹೇಳಿದರು. ಅದೇ ಹೊತ್ತಿಗೆ ಪಕ್ಕದ ಕುರ್ಚಿಯಲ್ಲಿದ್ದವರು ವಾದ್ಯದ ತಂತಿ ಬಿಗಿದು ಶ್ರುತಿ ಮಾಡಿಕೊಳ್ಳುತ್ತಿದ್ದರು. ನನಗೆ ಎರಡು ಸದ್ದೂ ಒಟ್ಟಿಗೇ ಕೇಳಿಸಿತು. ಈ ಬರಹ ಶುರುವಾಗಿದ್ದು ಅಲ್ಲಿಂದ.

ಇದು ನಡೆದ ಊರಿನ ಹೆಸರು ಚ್ವಾನ್‌ಜೋ. ಚೀನಾದ ಆಗ್ನೇಯ ಕರಾವಳಿಯಲ್ಲಿ, ಫೂಜಿಯೆನ್ ಪ್ರಾಂತ್ಯದಲ್ಲಿದೆ. ಸಮುದ್ರದ ಆಚೆ ದಡದಲ್ಲಿ ತೈವಾನ್. ಪಕ್ಕದವರು ನುಡಿಸಲು ಕೂತಿದ್ದ ಸಂಗೀತದ ಹೆಸರು ನಾನ್‌ಯಿನ್. ‘ನಾನ್’ ಅಂದರೆ ದಕ್ಷಿಣ, ‘ಯಿನ್’ ಅಂದರೆ ನಾದ, ಸ್ವರ. ದಕ್ಷಿಣದ ನಾದ. ಚೀನಾದಲ್ಲಿ ಇಂದಿಗೂ ಹಾಡುತ್ತಿರುವ ಸಂಗೀತಗಳಲ್ಲಿ ತುಂಬಾ ಹಳೆಯ ಪದ್ಧತಿ ಇದು. 2009ರಲ್ಲಿ ಯುನೆಸ್ಕೋ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು.

ಅದಕ್ಕೂ ಮೊದಲು ನನ್ನ ಪಾಲಿಗೆ ಚೀನೀ ಸಂಗೀತ ಅಂದರೆ ಯೂಟ್ಯೂಬ್‌ನಲ್ಲಿ ಸಿಗುವ ಮೂರು ಗಂಟೆಯ ವಿಡಿಯೊ. ನಾನು ಸಿಂಗಪುರದಲ್ಲಿ ಕೆಲಸ ಮಾಡುತ್ತೇನೆ. ರಾತ್ರಿ ಮನೆಯಲ್ಲಿ ಕೆಲಸ ಮುಂದುವರಿಸುವಾಗ ಒಂದು ದೊಡ್ಡ ಮಗ್‌ನಲ್ಲಿ ಟೀ, ಕಿವಿಯಲ್ಲಿ ಆ ವಿಡಿಯೊ. ಪರದೆಯ ಮೇಲೆ ಮಂಜು, ಬೆಟ್ಟ, ಒಂದು ಬಟ್ಟಲು. ಗುಝೆಂಗ್ ಅನ್ನುವ ತಂತಿವಾದ್ಯ, ನಡುವೆ ಕೊಳಲು, ಹಿಂದೆ ನೀರು ಹರಿಯುವ ಸದ್ದು. ಅದು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಎಷ್ಟೋ ರಾತ್ರಿ ತಲೆ ತಣ್ಣಗಾಗಿದೆ. ಆದರೆ ಮೂರು ಗಂಟೆ ಆದಮೇಲೆ ಅದರಲ್ಲಿನ ಒಂದು ಸಾಲನ್ನೂ ಗುನುಗಲು ಬರುತ್ತಿರಲಿಲ್ಲ. ಟೀ ಕೂಡ ಹಾಗೆಯೇ. ಮಗ್ ಖಾಲಿಯಾದದ್ದು ಗೊತ್ತಾಗುತ್ತಿತ್ತು, ರುಚಿ ಹೇಗಿತ್ತು ಅಂತ ನೆನಪಿರುತ್ತಿರಲಿಲ್ಲ.

ಒಂದು ಸಂಜೆ ತೆಲೋಕ್ ಆಯರ್ ರಸ್ತೆಯಲ್ಲಿ ನಡೆದು ಬರುತ್ತಿದ್ದೆ. ಅಲ್ಲಿ ಥಿಯಾನ್ ಹಾಕ್ ಕೆಂಗ್ ಅನ್ನುವ ಹಳೆಯ ಗುಡಿ ಇದೆ. ಫೂಜಿಯೆನ್‌ನಿಂದ ಹಡಗಿನಲ್ಲಿ ಬಂದ ಹೊಕ್ಕಿಯೆನ್ ಜನ ಸಮುದ್ರದ ತಾಯಿಗೆ ಕಟ್ಟಿಸಿದ್ದು. ಆಗ ಆ ರಸ್ತೆಯೇ ಸಮುದ್ರ ತೀರವಾಗಿತ್ತು. ಅದೇ ಸಾಲಿನಲ್ಲಿ ದಕ್ಷಿಣ ಭಾರತದ ಮುಸ್ಲಿಮರು ಕಟ್ಟಿಸಿದ ನಾಗೂರ್ ದರ್ಗಾ ಕೂಡ ಇದೆ. ಹತ್ತಿರದ ಒಂದು ಕಟ್ಟಡದ ಒಳಗಿನಿಂದ ಹಾಡು ಕೇಳಿಸಿತು. ಮಂಜು ಬೆಟ್ಟದ ವಿಡಿಯೊಗೂ ಇದಕ್ಕೂ ಏನೂ ಸಂಬಂಧವಿರಲಿಲ್ಲ. ಹೆಂಗಸೊಬ್ಬರ ದನಿ, ತುಂಬಾ ನಿಧಾನ. ಒಂದು ಕೊಳಲು ಆ ದನಿಗೆ ಅಂಟಿಕೊಂಡೇ ಹೋಗುತ್ತಿತ್ತು. ಡೋಲು ಇಲ್ಲ. ಆಗೊಮ್ಮೆ ಈಗೊಮ್ಮೆ ಮರದ ಒಂದು ‘ಟಕ್’. ಆ ಟಕ್ ಯಾವಾಗ ಬರುತ್ತದೆ ಅಂತ ನನಗೆ ಅಂದಾಜೇ ಸಿಗಲಿಲ್ಲ. ಅದೇ ನನ್ನನ್ನು ಹಿಡಿದು ನಿಲ್ಲಿಸಿತು.

ಮರುದಿನ ಆಫೀಸಿನಲ್ಲಿ ಸಹೋದ್ಯೋಗಿಯೊಬ್ಬಳಿಗೆ ಹೇಳಿದೆ. ಅವಳು ಹೊಕ್ಕಿಯೆನ್ ಮನೆತನದವಳು. “ಅದು ನಮ್ಮ ತಾತನ ಊರಿನ ಹಾಡು” ಅಂದಳು. ಸಿಂಗಪುರದಲ್ಲಿ 1941ರಿಂದಲೂ ಸಿಯಾಂಗ್ ಲೆಂಗ್ ಅನ್ನುವ ನಾನ್‌ಯಿನ್ ಸಂಘ ಇದೆ ಅಂತಲೂ ಅವಳಿಂದಲೇ ತಿಳಿಯಿತು. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಅವಳು ಚಿಂಗ್‌ಮಿಂಗ್ ಹಬ್ಬಕ್ಕೆ, ಅಂದರೆ ಹಿರಿಯರ ಸಮಾಧಿಗೆ ಪೂಜೆ ಮಾಡಲು ತಾಯಿಯ ಜೊತೆ ಊರಿಗೆ ಹೊರಟಳು. “ಅಷ್ಟು ಆಸೆ ಇದ್ದರೆ ನೀನೂ ಬಾ” ಅಂತ ಕರೆದಳು. ಹೋದೆ.

ಚ್ವಾನ್‌ಜೋ ಒಂದು ಕಾಲಕ್ಕೆ ಜಗತ್ತಿನ ದೊಡ್ಡ ಬಂದರುಗಳಲ್ಲಿ ಒಂದು. ಮಾರ್ಕೊ ಪೋಲೊ, ಇಬ್ನ್ ಬತೂತಾ ಇಬ್ಬರೂ ಝೈತೂನ್ ಅಂತ ಬರೆದಿರುವುದು ಇದನ್ನೇ. ಅಲ್ಲಿನ ಕೈಯುವಾನ್ ಬೌದ್ಧ ಗುಡಿ 686ರಲ್ಲಿ ಶುರುವಾದದ್ದು. ಮೊದಲ ದಿನ ಬೆಳಿಗ್ಗೆ ಅಲ್ಲಿಗೆ ಹೋದೆವು. ದೊಡ್ಡ ಸಭಾಂಗಣದ ಹಿಂಭಾಗಕ್ಕೆ ಬಂದಾಗ ಎರಡು ಕಲ್ಲಿನ ಕಂಬಗಳ ಮುಂದೆ ನನ್ನ ಕಾಲು ತಾನಾಗಿ ನಿಂತಿತು. ಕಂಬದ ಮೇಲೆ ನರಸಿಂಹ! ಹಿರಣ್ಯಕಶಿಪುವನ್ನು ತೊಡೆಯ ಮೇಲೆ ಹಾಕಿಕೊಂಡು ಹೊಟ್ಟೆ ಸೀಳುತ್ತಿರುವ ನರಸಿಂಹ. ಇನ್ನೊಂದು ಕಡೆ ಕೃಷ್ಣ. ಇಲ್ಲಿ ನೆಲೆಸಿದ್ದ ತಮಿಳು ವ್ಯಾಪಾರಿಗಳು ಕಟ್ಟಿಸಿದ್ದ ಗುಡಿ ಎಂದೋ ಹಾಳಾಯಿತು. ಅದರ ಕಂಬಗಳನ್ನು ಮುಂದೆ ಇಲ್ಲಿ ತಂದು ನಿಲ್ಲಿಸಿಕೊಂಡಿದ್ದಾರೆ. 1281ರ ತಮಿಳು ಶಾಸನವೊಂದು ಇದೇ ಊರಿನಲ್ಲಿ ಸಿಕ್ಕಿದೆ. ಅದು ಶಿವನ ಗುಡಿಗೆ ಸೇರಿದ್ದು. ಸಹೋದ್ಯೋಗಿಯ ತಾಯಿಗೆ ನರಸಿಂಹನ ಕಥೆ ಹೇಳಿದೆ. ಹೊಸ್ತಿಲ ಮೇಲೆ, ಸಂಜೆಯಲ್ಲಿ, ಉಗುರಿನಿಂದ ಅನ್ನುವುದೆಲ್ಲ ಅವರು ಗಮನವಿಟ್ಟು ಕೇಳಿದರು. ಚಿಕ್ಕಂದಿನಿಂದ ಈ ಕಂಬ ನೋಡಿದ್ದರಂತೆ, ಅದು ಯಾರು ಅಂತ ಯಾರೂ ಹೇಳಿರಲಿಲ್ಲವಂತೆ.

ಆಮೇಲೆ ಅವರ ಸರದಿ. ನನ್ನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋಗಿ, “ಮೇಲೆ ನೋಡು” ಅಂದರು. ಕಂಬ ಮತ್ತು ತೊಲೆ ಸೇರುವ ಕಡೆ ರೆಕ್ಕೆಯ ಹೆಂಗಸರು, ಒಟ್ಟು ಇಪ್ಪತ್ತನಾಲ್ಕು. ಅರ್ಧ ಹಕ್ಕಿ, ಅರ್ಧ ಮನುಷ್ಯರು. ಇವರೇ ಕಲವಿಂಕರು. ಸಂಸ್ಕೃತದಲ್ಲಿ ಕಲವಿಂಕ ಅಂದರೆ ಗುಬ್ಬಚ್ಚಿ. ಬೌದ್ಧ ಕಥೆಗಳಲ್ಲಿ ಅದು ಸ್ವರ್ಗದಲ್ಲಿ ಹಾಡುವ ಹಕ್ಕಿ. ಅವರಲ್ಲಿ ಕೆಲವರ ಕೈಯಲ್ಲಿ ವಾದ್ಯಗಳಿವೆ. ಅಡ್ಡ ಹಿಡಿದ ಪಿಪಾ ಅನ್ನುವ ತಂತಿವಾದ್ಯ, ಉದ್ದದ ಕೊಳಲು, ಮರದ ತಾಳ. “ರಾತ್ರಿ ನಿನಗೆ ಇವನ್ನೇ ಕೇಳಿಸುತ್ತೇವೆ” ಅಂದರು.

ರಾತ್ರಿ ಹೋಗಿದ್ದು ದೊಡ್ಡ ರಂಗಮಂದಿರಕ್ಕಲ್ಲ. ಒಂದು ಓಣಿಯ ಒಳಗಿನ ಹಳೆಯ ಮನೆ. ಮುಂದಿನ ಹಜಾರದಲ್ಲಿ ಹನ್ನೆರಡು ಹದಿಮೂರು ಕುರ್ಚಿ, ಗೋಡೆಯ ಮೇಲೆ ಸಂಘದ ಹಿಂದಿನವರ ಫೋಟೊಗಳು, ಬಾಗಿಲ ಹತ್ತಿರ ಟೀ ಮೇಜು. ಮೇಜಿನ ಹಿಂದೆ ಎಪ್ಪತ್ತು ದಾಟಿದ ಒಬ್ಬರು. ಎಲ್ಲರೂ ಅವರನ್ನು ‘ಆ ಪೆಹ್’ ಅಂತ ಕರೆಯುತ್ತಿದ್ದರು. ಅಪ್ಪನ ಅಣ್ಣನನ್ನು ಕರೆಯುವ ಮಾತು. ನಮ್ಮ ದೊಡ್ಡಪ್ಪ! ನನಗೆ ಆ ಕ್ಷಣದಿಂದ ಅವರು ದೊಡ್ಡಪ್ಪನೇ ಆದರು. ನನ್ನನ್ನು ನೋಡಿ ಅವರು ಕೇಳಿದ ಮೊದಲ ಪ್ರಶ್ನೆಯನ್ನು ಸಹೋದ್ಯೋಗಿ ಅನುವಾದಿಸಿದಳು. “ಊಟ ಆಯ್ತಾ?”

ಈ ಪ್ರಶ್ನೆ ನಮ್ಮದು ಮಾತ್ರ ಅಂದುಕೊಂಡಿದ್ದೆ. ಅಲ್ಲ. 1977ರಲ್ಲಿ ವಾಯೇಜರ್ ನೌಕೆಗಳ ಜೊತೆ ಬಾಹ್ಯಾಕಾಶಕ್ಕೆ ಕಳಿಸಿದ ಚಿನ್ನದ ತಟ್ಟೆಯಲ್ಲಿ 55 ಭಾಷೆಗಳ ನಮಸ್ಕಾರ ಇದೆ. ಅದರಲ್ಲಿ ಕನ್ನಡವೂ ಇದೆ, ಕನ್ನಡಿಗರ ಪರವಾಗಿ ಶುಭಾಶಯ ಹೇಳುವ ಒಂದು ಸಾಲು. ಈ ಕರಾವಳಿಯ ಭಾಷೆಯೂ ಇದೆ. ಅದರಲ್ಲಿ ಬಾಹ್ಯಾಕಾಶದ ಗೆಳೆಯರನ್ನು ಅವರು ಕೇಳುವುದು ಇದನ್ನೇ. ಚೆನ್ನಾಗಿದ್ದೀರಾ, ಊಟ ಆಯ್ತಾ, ಬಿಡುವಾದಾಗ ನಮ್ಮ ಕಡೆ ಬನ್ನಿ. ಅಂದರೆ ಅವರ ‘ಊಟ ಆಯ್ತಾ’ ಮತ್ತು ನಮ್ಮ ‘ನಮಸ್ತೆ’ ಒಂದೇ ತಟ್ಟೆಯಲ್ಲಿ ಕೂತು ನಕ್ಷತ್ರಗಳ ನಡುವಿನ ಬಾಹ್ಯಾಕಾಶಕ್ಕೆ ಹೋಗಿವೆ. ದೊಡ್ಡಪ್ಪನಿಗೆ ಹೇಳಿದೆ. ಅವರು ನನ್ನ ಬಟ್ಟಲಿಗೆ ಟೀ ಬಗ್ಗಿಸಿದರು.

ಟೀ ಅನ್ನುವ ಪದವೂ ಅಲ್ಲಿಯದೇ. ಚೀನಾದ ಹೆಚ್ಚಿನ ಕಡೆ ಇದಕ್ಕೆ ‘ಚಾ’ ಅನ್ನುತ್ತಾರೆ. ಈ ಕರಾವಳಿಯವರು ಮಾತ್ರ ‘ಟೇ’ ಅನ್ನುತ್ತಾರೆ. ಇಲ್ಲಿಂದ ಡಚ್ಚರ ಹಡಗು ಹತ್ತಿ ಯುರೋಪಿಗೆ ಹೋದ ಪದ ಇಂಗ್ಲಿಷಿನ ಮೂಲಕ ನಮ್ಮ ಬಾಯಿಗೆ ‘ಟೀ’ ಆಗಿ ಬಂತು. ಚಾ, ಚಹಾ ಬಂದದ್ದು ಬೇರೆ ದಾರಿಯಲ್ಲಿ. ನಮ್ಮಲ್ಲಿ ಧಾರವಾಡದ ಕಡೆ ಚಹಾ, ಮಂಗಳೂರಿನ ಕಡೆ ಚಾ, ಮೈಸೂರಿನ ಕಡೆ ಟೀ. ಎರಡೂ ದಾರಿ ಒಂದೇ ರಾಜ್ಯದಲ್ಲಿ ಬಂದು ಸೇರಿವೆ, ಅಲ್ವಾ? ಒಣ ಎಲೆಗೆ ಚ್ವಾನ್‌ಜೋ ಜನ ಇನ್ನೂ ಮುದ್ದಾದ ಒಂದು ಹೆಸರು ಇಟ್ಟಿದ್ದಾರೆ. ‘ಟೇ ಬಿ’, ಅಂದರೆ ಟೀ ಅಕ್ಕಿ. ದಿನಾ ಅನ್ನ ಬೇಕಾದ ಹಾಗೆ ದಿನಾ ಇದೂ ಬೇಕು.

ದೊಡ್ಡಪ್ಪ ಟೀ ಮಾಡುವುದನ್ನು ಎಷ್ಟು ಹೊತ್ತು ನೋಡಿದರೂ ಬೇಸರ ಬರಲಿಲ್ಲ. ಗಾಯ್‌ವಾನ್ ಅಂದರೆ ಮುಚ್ಚಳದ ಪುಟ್ಟ ಬಟ್ಟಲು, ನಮ್ಮ ಒಂದು ದೊಡ್ಡ ಕಪ್ಪಿನಷ್ಟೂ ನೀರು ಹಿಡಿಯುವುದಿಲ್ಲ. ಅದಕ್ಕೆ ಏಳೆಂಟು ಗ್ರಾಂ ಎಲೆ. ಇಷ್ಟು ಚಿಕ್ಕ ಬಟ್ಟಲಿಗೆ ಅಷ್ಟು ಎಲೆಯಾ ಅಂತ ನಮಗೆ ಅನ್ನಿಸುತ್ತದೆ. ಕುದಿಯುವ ನೀರನ್ನು ಸ್ವಲ್ಪ ಎತ್ತರದಿಂದ ಹಾಕುತ್ತಾರೆ. ಮೊದಲ ನೀರನ್ನು ಕುಡಿಯುವುದಿಲ್ಲ. ಎಲೆ ತೊಳೆದು, ಆ ನೀರಿನಿಂದಲೇ ಕುಡಿಯುವ ಬಟ್ಟಲುಗಳನ್ನು ಬಿಸಿ ಮಾಡಿ ಚೆಲ್ಲುತ್ತಾರೆ. ಮತ್ತೆ ನೀರು, ಮತ್ತೆ ಮುಚ್ಚಳ. ಮೇಲೆ ಬಂದ ನೊರೆಯನ್ನು ಮುಚ್ಚಳದ ಅಂಚಿನಿಂದ ಒಂದೇ ಸಲ ಸವರಿ ತೆಗೆಯುತ್ತಾರೆ. ಪಿಂಗಾಣಿಗೆ ಪಿಂಗಾಣಿ ತಾಗಿ ‘ಸ್ರ್’ ಅನ್ನುವ ಒಂದು ಸಣ್ಣ ಸದ್ದು. ಎಣಿಸಿದ ಕೆಲವೇ ಕ್ಷಣ. ಆಮೇಲೆ ಮುಚ್ಚಳವನ್ನು ಒಂದು ಕೂದಲೆಳೆಯಷ್ಟು ಓರೆ ಮಾಡಿ, ಮೂರು ಬೆರಳಿನಲ್ಲಿ ಇಡೀ ಬಟ್ಟಲು ಎತ್ತಿ, ಸಾಲಾಗಿಟ್ಟ ಬಟ್ಟಲುಗಳ ಮೇಲೆ ಸುತ್ತಿಸುತ್ತಾ ಬಗ್ಗಿಸುತ್ತಾರೆ. ಒಂದನ್ನು ತುಂಬಿಸಿ ಇನ್ನೊಂದಕ್ಕೆ ಹೋಗುವುದಿಲ್ಲ. ಎಲ್ಲಕ್ಕೂ ಸ್ವಲ್ಪ ಸ್ವಲ್ಪ, ಸುತ್ತಿ ಸುತ್ತಿ. ಹಾಗೆ ಮಾಡಿದರೆ ಎಲ್ಲರಿಗೂ ಒಂದೇ ರುಚಿ ಸಿಗುತ್ತದೆ. ಕೊನೆಯ ಗಟ್ಟಿ ಹನಿಗಳನ್ನು ಒಂದೊಂದು ಬಟ್ಟಲಿಗೆ ಒಂದೊಂದರಂತೆ ಹಂಚುತ್ತಾರೆ. ಇದಕ್ಕೆ ‘ಹಾನ್ ಶಿನ್ ಸೈನಿಕರನ್ನು ಎಣಿಸುವುದು’ ಅಂತ ಹೆಸರು. ಹಾನ್ ಶಿನ್ ಅವರ ಇತಿಹಾಸದ ದೊಡ್ಡ ಸೇನಾಪತಿ. ಬಟ್ಟಲನ್ನು ಅಂಚಿನ ತನಕ ತುಂಬಿಸುವ ಹಾಗಿಲ್ಲ. ತುಂಬಿ ಕೊಟ್ಟರೆ ಬೆರಳು ಸುಡುತ್ತದೆ. ಕುಡಿದು ಬೇಗ ಎದ್ದು ಹೋಗು ಅಂದ ಹಾಗೂ ಆಗುತ್ತದೆ.

ನಾನೂ ಒಮ್ಮೆ ಗಾಯ್‌ವಾನ್ ಎತ್ತಿದೆ. ಬೆರಳು ಸುಟ್ಟಿತು, ಆದರೂ ಕೆಳಗೆ ಬಿಡಲಿಲ್ಲ. ದೊಡ್ಡಪ್ಪ ನನ್ನ ಹೆಬ್ಬೆರಳನ್ನು ಅಂಚಿನ ತುದಿಗೆ ಸರಿಸಿ ಕೂರಿಸಿದರು. ಮಕ್ಕಳಿಗೆ ಹಾರ್ಮೋನಿಯಂ ಮೇಲೆ ಬೆರಳು ಇಡುವುದನ್ನು ಹೇಳಿಕೊಡುವ ಮೇಷ್ಟ್ರ ಹಾಗೆ.

ಮೊದಲ ಸುತ್ತು ನೀರು, ಎರಡನೆಯದು ಟೀ, ಮೂರು ನಾಲ್ಕರಲ್ಲೇ ಸತ್ವ ಅಂತ ಆ ಕಡೆ ಒಂದು ಮಾತಿದೆ. ನನಗೆ ಮೊದಲ ಸುತ್ತಿನಲ್ಲೇ ಹೂವಿನ ಪರಿಮಳ ಸಿಕ್ಕಿತು. ಸುಗಂಧರಾಜದ ಹತ್ತಿರದ್ದು ಅಂತ ಅನ್ನಿಸಿತು. ಮೂರನೆಯದರಲ್ಲಿ ಪರಿಮಳ ಹಿಂದಕ್ಕೆ ಸರಿದು, ನುಂಗಿದ ಮೇಲೆ ಗಂಟಲಿನಿಂದ ಒಂದು ಸಿಹಿ ವಾಪಸ್ ಬಂತು. ಹಾಲಿಲ್ಲ, ಸಕ್ಕರೆ ಇಲ್ಲ. ಸಿಹಿ ಎಲ್ಲಿಂದ ಬಂತು ಅಂತ ಹುಡುಕುವ ಹೊತ್ತಿಗೆ ಹಾಡು ಶುರುವಾಯಿತು.

ಕೂರುವ ಕ್ರಮ ಹೀಗೆ. ನಡುವೆ ಹಾಡುವವರು. ಅವರ ಕೈಯಲ್ಲಿ ಪಾಯ್‌ಬಾನ್, ಅಂದರೆ ದಾರದಿಂದ ಕಟ್ಟಿದ ಗಟ್ಟಿ ಮರದ ಐದು ಪಟ್ಟಿ. ಒಂದು ಪಕ್ಕ ಪಿಪಾ ಮತ್ತು ಮೂರು ತಂತಿಯ ಸಾನ್‌ಶಿಯೆನ್. ಇನ್ನೊಂದು ಪಕ್ಕ ಎರಡು ತಂತಿಯನ್ನು ಕಮಾನಿನಿಂದ ನುಡಿಸುವ ಅರ್‌ಶಿಯೆನ್ ಮತ್ತು ದೋಂಗ್‌ಶಿಯಾವ್ ಕೊಳಲು. ಚೀನಾದ ಬೇರೆ ಕಡೆ ಪಿಪಾವನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು ನುಡಿಸುತ್ತಾರೆ. ಇಲ್ಲಿ ಮಾತ್ರ ಹಳೆಯ ತಾಂಗ್ ರಾಜವಂಶದ ಕಾಲದ ಚಿತ್ರಗಳಲ್ಲಿರುವ ಹಾಗೆ ಅಡ್ಡ. ಕೊಳಲು ಬಿದಿರಿನ ಬೇರಿನ ಕಡೆಯ ತುಂಡಿನಿಂದ ಮಾಡಿದ್ದು, ನಿಲ್ಲಿಸಿ ಊದುತ್ತಾರೆ. ಅದರ ಉದ್ದ ಅವರ ಹಳೆಯ ಅಳತೆಯಲ್ಲಿ 1 ಚಿ 8 ಚುನ್. ಜಪಾನಿನ ಶಾಕುಹಾಚಿ ಕೊಳಲಿನ ಹೆಸರಿನ ಅರ್ಥವೂ ಅದೇ ಅಳತೆ. ಇಬ್ಬರೂ ಒಂದೇ ಮನೆಯವರು.

ಪಿಪಾ ಮುಂದಾಳು. ಅದು ಹಾಡಿನ ಮೂಳೆಯನ್ನಷ್ಟೇ ನುಡಿಸುತ್ತದೆ, ಒಂದೊಂದೇ ಸ್ವರ, ಬಿಡಿ ಬಿಡಿಯಾಗಿ. ಸಾನ್‌ಶಿಯೆನ್ ಅದನ್ನೇ ಕೆಳಗಿನ ಸ್ಥಾಯಿಯಲ್ಲಿ ಹಿಂಬಾಲಿಸುತ್ತದೆ. ಮಾಂಸ, ಚರ್ಮ ಎಲ್ಲ ಕೊಳಲಿನದು. ಎರಡು ಸ್ವರದ ನಡುವಿನ ಜಾಗವನ್ನು ಕೊಳಲು ತನ್ನ ಉಸಿರಿನಿಂದ ಜಾರಿಸಿ ತುಂಬುತ್ತದೆ. ಕಣ್ಣು ಮುಚ್ಚಿ ಕೇಳಿದರೆ ಎಷ್ಟೋ ಸಲ ಹಾಡುವ ದನಿ ಎಲ್ಲಿ ಮುಗಿದು ಕೊಳಲು ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ನನಗೆ ಗಮಕದ ಸಂಗೀತ ಚಿಕ್ಕಂದಿನಿಂದ ಕಿವಿಗೆ ಬಿದ್ದಿದೆ. ಅದಕ್ಕೇ ಇರಬೇಕು, ಆ ಜಾರುವಿಕೆ ಪರಕೀಯ ಅನ್ನಿಸಲಿಲ್ಲ.

ಪರಕೀಯ ಅನ್ನಿಸಿದ್ದು ಮಾತು. ಹಾಡುವುದು ಚ್ವಾನ್‌ಜೋದ ಹಳೆಯ ಉಚ್ಚಾರದಲ್ಲಿ. ಒಂದು ಪದಕ್ಕೆ ತಲೆ, ಹೊಟ್ಟೆ, ಬಾಲ ಅಂತ ಮೂರು ಭಾಗ. ಮೊದಲ ವ್ಯಂಜನ ಒಂದು ಕಡೆ, ನಡುವಿನ ಸ್ವರ ಇನ್ನೊಂದು ಕಡೆ, ಕೊನೆಯ ಅನುಸ್ವಾರ ಎಷ್ಟೋ ಹೊತ್ತಿನ ಮೇಲೆ. ಹಾಡುವವರ ತುಟಿ ಹತ್ತಿರ ಹತ್ತಿರ ಬಂದು ಮುಚ್ಚಿದಾಗ ಪದ ಮುಗಿಯಿತು ಅಂತ ಅರ್ಥ. ಅಷ್ಟರಲ್ಲಿ ಪದದ ಶುರು ಏನಿತ್ತು ಅಂತ ನನಗೆ ಮರೆತು ಹೋಗಿರುತ್ತಿತ್ತು. ಸಹೋದ್ಯೋಗಿಯ ತಾಯಿ ಪಿಸುಮಾತಿನಲ್ಲಿ ಕಥೆ ಹೇಳಿದರು. ಚೆನ್ ಸಾನ್ ಅನ್ನುವ ಚ್ವಾನ್‌ಜೋ ಹುಡುಗ, ಅಣ್ಣ ಅತ್ತಿಗೆಯನ್ನು ಬೀಳ್ಕೊಡಲು ಹೋದಾಗ ದೀಪದ ಹಬ್ಬದಲ್ಲಿ ವೂ ನಿಯಾಂಗ್ ಅನ್ನುವ ಹುಡುಗಿಯನ್ನು ನೋಡುತ್ತಾನೆ. ಅವಳು ಮಹಡಿಯಿಂದ ಅವನ ಕಡೆಗೆ ಲಿಚಿ ಹಣ್ಣು ಎಸೆಯುತ್ತಾಳೆ. ಅವನು ಕನ್ನಡಿ ಉಜ್ಜುವವನ ವೇಷ ಹಾಕಿ ಅವಳ ಮನೆಗೆ ಬಂದು, ಕನ್ನಡಿಯನ್ನು ಬೇಕೆಂದೇ ಒಡೆದು, ಸಾಲ ತೀರಿಸುವ ನೆಪದಲ್ಲಿ ಅಲ್ಲೇ ಆಳಾಗಿ ನಿಲ್ಲುತ್ತಾನೆ. ಈ ಕಥೆಯ ಎಷ್ಟೋ ಹಾಡು ನಾನ್‌ಯಿನ್‌ನಲ್ಲಿವೆ. ಆ ರಾತ್ರಿ ಹಾಡಿದವರು ಅರವತ್ತರ ಹೆಂಗಸು. ಹಗಲು ತರಕಾರಿ ಅಂಗಡಿ ನಡೆಸುತ್ತಾರಂತೆ. ಹುಡುಗನ ಮಾತನ್ನು ಹಾಡುವಾಗ ಅವರ ಮುಖ ಸ್ವಲ್ಪವೂ ಅಲ್ಲಾಡಲಿಲ್ಲ. ಎಲ್ಲವೂ ದನಿಯಲ್ಲಿತ್ತು.

ಆದರೆ ನನ್ನ ಕಿವಿ ಇನ್ನೂ ಆ ಟಕ್‌ಗಾಗಿಯೇ ಕಾಯುತ್ತಿತ್ತು. ಬರುತ್ತದೆ ಅಂದುಕೊಂಡಾಗ ಬರುತ್ತಿರಲಿಲ್ಲ. ಬಿಟ್ಟುಕೊಟ್ಟಾಗ ಬರುತ್ತಿತ್ತು. ದೊಡ್ಡಪ್ಪ ಅದನ್ನು ಗಮನಿಸಿದರು ಅಂತ ಕಾಣುತ್ತದೆ. ತಮ್ಮ ಪಾದದ ಕಡೆ ಕಣ್ಣು ಮಾಡಿದರು. ಚಪ್ಪಲಿಯ ಒಳಗೆ ಅವರ ಹೆಬ್ಬೆರಳು ನಿಧಾನವಾಗಿ ಏಳುತ್ತಾ ಬೀಳುತ್ತಾ ಇತ್ತು. ಕೈಯಲ್ಲಿ ಏಳು ಬೆರಳು ತೋರಿಸಿದರು.

ಆಮೇಲೆ ವಿವರ ತಿಳಿಯಿತು. ಮರದ ಪಟ್ಟಿ ಬಡಿಯುವುದಕ್ಕೆ ಪಾಯ್ ಅನ್ನುತ್ತಾರೆ. ಸದ್ದಿಲ್ಲದ ಎಣಿಕೆಗೆ ಲಿಯಾವ್. ನಿಧಾನದ ಹಾಡಿನಲ್ಲಿ ಒಂದು ಪಾಯ್, ಆಮೇಲೆ ಏಳು ಲಿಯಾವ್. ಒಟ್ಟು ಎಂಟು. ಸ್ವಲ್ಪ ವೇಗದ್ದರಲ್ಲಿ ಒಂದಕ್ಕೆ ಮೂರು. ಎಂಟು ಅಂದ ಕೂಡಲೇ ನನ್ನ ಬಲಗೈ ತಾನಾಗಿ ತೊಡೆಗೆ ಹೋಯಿತು. ಸಾಗರದ ನಮ್ಮ ಮನೆಯಲ್ಲಿ ಅಮ್ಮ ಸಂಗೀತದ ಪಾಠ ಹೇಳುತ್ತಿದ್ದಳು. ಸರಳೆ ವರಸೆಗೆ ಆದಿತಾಳ ಹಾಕಿ ಹಾಕಿ ಬೆಳೆದವರು ನಾವು. ಒಂದು ಪೆಟ್ಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು. ಪೆಟ್ಟು, ಬೀಸು, ಪೆಟ್ಟು, ಬೀಸು. ಅದೇ ಎಂಟನ್ನು ಇಲ್ಲಿ ಇಷ್ಟು ಎಳೆದು ಎಳೆದು ಎಣಿಸಬೇಕು, ಅಷ್ಟೇ. ನಮ್ಮಲ್ಲಿ ಉಳಿದ ಏಳೂ ಕಣ್ಣಿಗೆ ಕಾಣುತ್ತವೆ. ಇವರಲ್ಲಿ ಒಳಗೇ ಉಳಿಯುತ್ತವೆ. ಎರಡು ಸುತ್ತು ತಪ್ಪಿತು. ಮೂರನೆಯ ಸುತ್ತಿನಲ್ಲಿ ನನ್ನ ಅಂಗೈ ತೊಡೆಗೆ ಬೀಳುವುದೂ ಮರದ ಟಕ್ ಬರುವುದೂ ಒಂದೇ ಸಲ ಆಯಿತು. ಮೈ ಜುಮ್ಮೆಂದಿತು. ದೊಡ್ಡಪ್ಪ ಏನೂ ಹೇಳಲಿಲ್ಲ. ನನ್ನ ಮುಂದೆ ಆರಿಹೋಗಿದ್ದ ಟೀಯನ್ನು ಚೆಲ್ಲಿ ಬಿಸಿಯದನ್ನು ಬಗ್ಗಿಸಿದರು.

ಆಮೇಲೆ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಟಕ್ ಆದ ಮೇಲೆ ಬಟ್ಟಲು ಎತ್ತಿ, ಒಂದು ಗುಟುಕು ಕುಡಿದು, ಕೆಳಗಿಡುವ ಹೊತ್ತಿಗೆ ಮತ್ತೊಂದು ಟಕ್ ಬರುತ್ತದೆ. ಅಷ್ಟು ಉದ್ದದ ಸುತ್ತು ಅದು. ಸುತ್ತ ಕೂತಿದ್ದ ಹಿರಿಯರು ಹಾಗೆಯೇ ಕುಡಿಯುತ್ತಿದ್ದರು, ಬಟ್ಟಲು ಇಡುವ ಸದ್ದೇ ಇಲ್ಲದ ಹಾಗೆ. ಇದು ಯಾರೂ ಹೇಳಿಕೊಟ್ಟ ನಿಯಮ ಅಲ್ಲ. ಸುಮ್ನೆ ಹಾಗೆ ಕೂಡಿ ಬಂದಿದೆ. ಆಗ ನನಗೆ ಗೊತ್ತಾಯಿತು, ಇಷ್ಟು ವರ್ಷ ನಾನು ಸಂಗೀತವನ್ನು ಟೀಗೆ ಹಿನ್ನೆಲೆ ಮಾಡಿಕೊಂಡಿದ್ದೆ, ಟೀಯನ್ನು ಕೆಲಸಕ್ಕೆ ಹಿನ್ನೆಲೆ ಮಾಡಿಕೊಂಡಿದ್ದೆ. ಇಲ್ಲಿ ಯಾವುದೂ ಯಾವುದರ ಹಿನ್ನೆಲೆಯೂ ಅಲ್ಲ. ನಾಲಿಗೆ ಮತ್ತು ಕಿವಿ ಎರಡೂ ಒಂದೇ ಎಣಿಕೆಯಲ್ಲಿದ್ದವು.

ಹಾಡು ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಾಡಿದವರು ಎದ್ದು, ಪಾಯ್‌ಬಾನನ್ನು ಎರಡೂ ಕೈಯಲ್ಲಿ ಹಿಡಿದು ಮುಂದಿನವರಿಗೆ ಕೊಟ್ಟು, ಟೀ ಮೇಜಿಗೆ ಬಂದರು. ಕೊಳಲು ನುಡಿಸುತ್ತಿದ್ದವರು ಪಿಪಾಗೆ ಹೋದರು. ಟೀ ಕುಡಿಯುತ್ತಿದ್ದ ಒಬ್ಬರು ಕೊಳಲಿಗೆ ಹೋದರು. ಕೆಟಲ್ ಮತ್ತೆ ಕುದಿಯುವಷ್ಟು ಹೊತ್ತು ಬಿಡುವು. ಕೇಳುವವರು ಬೇರೆ, ನುಡಿಸುವವರು ಬೇರೆ ಅಂತ ಗೆರೆ ಎಳೆಯಲು ಆಗಲಿಲ್ಲ. ಹಳೆಯ ಪದ್ಧತಿಯಲ್ಲಿ ನಾನ್‌ಯಿನ್ ಸಂಘದವರು ಹಾಡಿ ಹಣ ತೆಗೆದುಕೊಳ್ಳುತ್ತಿರಲಿಲ್ಲ. ಚಕ್ರವರ್ತಿ ಕಾಂಗ್‌ಶಿಯ ಮುಂದೆ ಇಲ್ಲಿನ ಐವರು ಹೋಗಿ ನುಡಿಸಿದರಂತೆ. ಅವನು ಮೆಚ್ಚಿ ಅವರನ್ನು ಅತಿಥಿಗಳು ಅಂತ ಕರೆದು ಹಳದಿ ಛತ್ರಿ ಕೊಟ್ಟನಂತೆ. ಇಂದಿಗೂ ವಿಶೇಷ ದಿನಗಳಲ್ಲಿ ಹಾಡುವವರ ಹಿಂದೆ ಒಂದು ಕಸೂತಿ ಛತ್ರಿ ನಿಲ್ಲಿಸುತ್ತಾರೆ. ಅವರ ಕುಲದೈವ ಹಳೆಯ ಶೂ ರಾಜ್ಯದ ದೊರೆ ಮೆಂಗ್ ಚಾಂಗ್. ವರ್ಷಕ್ಕೆ ಎರಡು ಸಲ, ವಸಂತದಲ್ಲಿ ಮತ್ತು ಶರತ್ಕಾಲದಲ್ಲಿ, ಅವನಿಗೆ ಪೂಜೆ. ಯುದ್ಧ ಗೆದ್ದ ರಾಜನನ್ನು ಬಿಟ್ಟು, ಸೋತು ರಾಜ್ಯ ಕಳೆದುಕೊಂಡರೂ ಸಂಗೀತವನ್ನು ಪ್ರೀತಿಸಿದ ರಾಜನನ್ನು ದೇವರು ಮಾಡಿಕೊಂಡ ಈ ಜನ ನನಗೆ ತುಂಬಾ ಇಷ್ಟವಾದರು.

ಟೀಯ ಹೆಸರಿನ ಮಾತು ಬಂದಿದ್ದು ಆ ಬಿಡುವಿನಲ್ಲೇ. ತಿಯೆ ಅಂದರೆ ಕಬ್ಬಿಣ. ಗ್ವಾನ್‌ಯಿನ್ ಅಂದರೆ ಅವರ ಕರುಣೆಯ ದೇವಿ. ಪಕ್ಕದ ಆನ್‌ಶಿ ಬೆಟ್ಟಗಳಲ್ಲಿ ವೇಯ್ ಅನ್ನುವ ಮನೆತನದ ಬಡ ರೈತನೊಬ್ಬ ದಿನಾ ಬೆಳಿಗ್ಗೆ ಈ ದೇವಿಗೆ ಟೀ ಇಟ್ಟು ಕೈಮುಗಿಯುತ್ತಿದ್ದನಂತೆ. ಒಂದು ರಾತ್ರಿ ಕನಸಿನಲ್ಲಿ ಬಂಡೆಯ ಸಂದಿಯ ಒಂದು ಗಿಡ ಕಂಡಿತು. ಹುಡುಕಿ ತಂದು ಬೆಳೆಸಿದ್ದೇ ಈ ಟೀ. ಇನ್ನೊಂದು ಮನೆತನದವರು ಬೇರೆ ಕಥೆ ಹೇಳುತ್ತಾರೆ. ಕಥೆ ಯಾವುದಾದರೂ ಇರಲಿ, ನನ್ನನ್ನು ಹಿಡಿದದ್ದು ಹೆಸರಿನ ಕೊನೆಯ ಅಕ್ಷರ. ಸಹೋದ್ಯೋಗಿ ಮೇಜಿನ ಮೇಲೆ ಚೆಲ್ಲಿದ ಟೀಯಲ್ಲಿ ಬೆರಳು ಅದ್ದಿ ಎರಡು ಹೆಸರನ್ನೂ ಬರೆದು ತೋರಿಸಿದಳು. ನಾನ್‌ಯಿನ್‌ನ ‘ಯಿನ್’, ತಿಯೆಗ್ವಾನ್‌ಯಿನ್‌ನ ‘ಯಿನ್’. ಒಂದೇ ಅಕ್ಷರ. ಗ್ವಾನ್ ಅಂದರೆ ನೋಡು. ಗ್ವಾನ್‌ಯಿನ್ ಅಂದರೆ ನಾದವನ್ನು ನೋಡುವವಳು. ಲೋಕದ ಅಳುವನ್ನು ಕೇಳಿ ಬರುವವಳು.

ನಮ್ಮಲ್ಲಿ ಆ ದೇವತೆ ಅವಲೋಕಿತೇಶ್ವರ. ಆ ಹೆಸರಿನಲ್ಲಿ ನಾದ ಎಲ್ಲಿದೆ ಅಂತ ಯೋಚಿಸುತ್ತಾ ರೂಮಿಗೆ ಬಂದೆ. ಮಲಗುವ ಮುಂಚೆ ಹುಡುಕಿ ಓದಿದಾಗ ಸಿಕ್ಕಿತು. ಹಳೆಯ ಸಂಸ್ಕೃತ ಹಸ್ತಪ್ರತಿಗಳಲ್ಲಿ ‘ಅವಲೋಕಿತಸ್ವರ’ ಅನ್ನುವ ರೂಪವೂ ಇದೆ. ಚೀನೀ ಹೆಸರು ಹುಟ್ಟಿದ್ದು ಅದರಿಂದ. ಈಶ್ವರ ಬಂದದ್ದು ಆಮೇಲೆ. ಅವಲೋಕನ, ಸ್ವರ. ಎರಡೂ ನಾವು ದಿನಾ ಬಳಸುವ ಪದಗಳು. ಸಾವಿರ ವರ್ಷಕ್ಕೂ ಹಿಂದೆ ನಮ್ಮ ಕಡೆಯಿಂದ ಹೋದ ಒಂದು ಪದ ಅಲ್ಲಿ ದೇವಿಯಾಗಿ, ಟೀ ಆಗಿ, ಪುಟ್ಟ ಬಟ್ಟಲಿನಲ್ಲಿ ನನ್ನ ಕೈಗೆ ವಾಪಸ್ ಬಂದಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಟೀ ಜಾಸ್ತಿ ಆಗಿದ್ದಕ್ಕೂ ಇರಬಹುದು.

ಮೂರು ರಾತ್ರಿ ಆ ಮನೆಗೆ ಹೋದೆ. ಎರಡನೆಯ ರಾತ್ರಿ ಶಾಲೆಯ ಸಮವಸ್ತ್ರದಲ್ಲೇ ಇಬ್ಬರು ಹುಡುಗಿಯರು ಬಂದು ಪಿಪಾ ನುಡಿಸಿದರು. ಆ ಊರಿನ ಶಾಲೆಗಳಲ್ಲಿ ನಾನ್‌ಯಿನ್ ಕಲಿಸುತ್ತಾರೆ. ಕೊನೆಯ ರಾತ್ರಿ ‘ನೂರು ಹಕ್ಕಿ ಗೂಡಿಗೆ’ ಅನ್ನುವ ವಾದ್ಯದ ಕೃತಿ. ಸಣ್ಣ ಗಂಟೆ, ಪುಟ್ಟ ಜಾಗಟೆ, ಬಿದಿರಿನ ಪಟ್ಟಿಗಳು ಎಲ್ಲ ಸೇರಿದವು. ಕೊನೆ ಕೊನೆಗೆ ಹಜಾರದ ತುಂಬಾ ಸಂಜೆಯ ಹಕ್ಕಿಗಳ ಗದ್ದಲ. ದೊಡ್ಡಪ್ಪ ಅವತ್ತು ಟೀ ಮೇಜು ಬಿಟ್ಟು ಜಾಗಟೆಗೆ ಕೂತಿದ್ದರು. ಟೀ ಮಾಡುವ ಕೆಲಸ ನನಗೆ ಬಿಟ್ಟಿದ್ದರು. ಒಬ್ಬರೂ ಬಟ್ಟಲು ವಾಪಸ್ ಇಡಲಿಲ್ಲ, ಅದೇ ನನಗೆ ಸಿಕ್ಕ ಪ್ರಮಾಣಪತ್ರ.

ಹೊರಡುವಾಗ ಅವರು ಒಂದು ಚಿಕ್ಕ ಡಬ್ಬಿ ಕೊಟ್ಟರು. ಏಳೇಳು ಗ್ರಾಂನ ಹತ್ತು ಪೊಟ್ಟಣ. ಗಾಳಿ ತೆಗೆದು ಕಲ್ಲಿನ ಹಾಗೆ ಗಟ್ಟಿ ಮಾಡಿದವು.

ಈಗ ಭಾನುವಾರ ಮಧ್ಯಾಹ್ನ ಲ್ಯಾಪ್‌ಟಾಪ್ ಮುಚ್ಚಿಟ್ಟು ಕೂರುತ್ತೇನೆ. ತೈವಾನಿನ ತೈನಾನ್ ಊರಿನ ತ್ಸೈ ಶಿಯಾವ್ ಯುವೆ ಅನ್ನುವ ಗಾಯಕಿ 1982ರಲ್ಲಿ ಪ್ಯಾರಿಸ್‌ಗೆ ಹೋಗಿ ಹಾಡಿದ್ದರು. ಆಮೇಲೆ ಫ್ರಾನ್ಸಿನವರು ಅವರ ಹಾಡುಗಳ ಸಿಡಿಗಳನ್ನು ತಂದರು. ಅದನ್ನು ಹಾಕುತ್ತೇನೆ. ತೈವಾನಿನಲ್ಲಿ ಇದೇ ಸಂಗೀತಕ್ಕೆ ನಾನ್‌ಗ್ವಾನ್ ಅನ್ನುತ್ತಾರೆ. ಹೊಸದಾಗಿ ಕೇಳುವವರು ಇವರಿಂದಲೇ ಶುರು ಮಾಡಿ ಅಂತ ನಾನು ಹೇಳುತ್ತೇನೆ. ಮೊದಲ ಹತ್ತು ನಿಮಿಷ ಏನೂ ಹಿಡಿಗೆ ಸಿಗುವುದಿಲ್ಲ. ಬಿಡಬೇಡಿ. ಮರದ ಟಕ್ ಒಂದನ್ನು ಹಿಡಿದುಕೊಂಡು ಎಣಿಸಲು ಶುರು ಮಾಡಿ. ತಿಯೆಗ್ವಾನ್‌ಯಿನ್ ಸಿಗದಿದ್ದರೆ ನಿಮ್ಮ ಮನೆಯಲ್ಲಿ ಯಾವ ಟೀ ಇದೆಯೋ ಅದೇ ಸಾಕು. ಆದರೆ ಬಟ್ಟಲು ಚಿಕ್ಕದಿರಲಿ, ಮತ್ತೆ ಮತ್ತೆ ಎದ್ದು ಬಗ್ಗಿಸಿಕೊಳ್ಳುವಷ್ಟು ಚಿಕ್ಕದು.

ಡಬ್ಬಿಯಲ್ಲಿ ಇನ್ನು ಎರಡು ಪೊಟ್ಟಣ ಉಳಿದಿವೆ. ಮುಂದಿನ ತಿಂಗಳು ಅಮ್ಮ ಸಾಗರದಿಂದ ಬರುತ್ತಾಳೆ. ಫೋನಿನಲ್ಲಿ ಹಾಡು ಕೇಳಿಸಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ತಾಳ ಯಾವುದೋ ಇದು?” ಅಂದಳು. ಬಂದ ಮೇಲೆ ಹೇಳುತ್ತೇನೆ ಅಂದೆ. ಹಾಲಿಲ್ಲದ ಟೀ ಕುಡಿಯುತ್ತಾಳಾ ಗೊತ್ತಿಲ್ಲ. ಒಂದು ಪೊಟ್ಟಣ ಅವಳಿಗೆ ಅಂತ ಎತ್ತಿಟ್ಟಿದ್ದೇನೆ.